ಪಾಶ್ಚಾತ್ಯ ನೀತಿತತ್ತ್ವವೂ ಕನ್ನಡದ ಪರಿಭಾಷೆಯೂ

ಪಾಶ್ಚಾತ್ಯರ ನೀತಿಶಾಸ್ತ್ರವನ್ನು ಕನ್ನಡದಲ್ಲಿ ಪರಿಚಯಮಾಡಿಕೊಡುವ ಬರಹಗಳಲ್ಲಿ ಒಂದು ಕ್ರಮವು ರೂಢವಾಗಿದೆ. ಗ್ರೀಕರು, ಮಧ್ಯಯುಗದ ಕ್ರೈಸ್ತರು, ಆಧುನಿಕರು ಎಂದು ಮೂರು ಕಾಲಗಳನ್ನು ಹೇಳಿ, ಒಂದೊಂದು ಕಾಲಕ್ಕೆ ಇಬ್ಬರು ಮೂವರು ಆಚಾರ್ಯರನ್ನು ಹಂಚಿ, ಅವರವರ ಮತವನ್ನು ನಾಲ್ಕಾರು ವಾಕ್ಯಗಳಲ್ಲಿ ಸಂಗ್ರಹಿಸಿ, ಕಡೆಗೆ ಇವೆಲ್ಲವೂ ಭಾರತೀಯ ಶಾಸ್ತ್ರಗಳಲ್ಲಿ ಮೊದಲೇ ಉಕ್ತವಾಗಿವೆಯೆಂದು ಮುಗಿಸುವುದೇ ಆ ಕ್ರಮ. ಅರಿಸ್ಟಾಟಲನ 'ಅರೆಟೆ'ಗೆ ಸದ್ಗುಣವೆಂದೂ, 'ಯೂಡೈಮೋನಿಯ'ಕ್ಕೆ ಸುಖವೆಂದೂ, ಕ್ಯಾಂಟನ ಕರ್ತವ್ಯಕ್ಕೆ ನಿಷ್ಕಾಮಕರ್ಮವೆಂದೂ, ಮಿಲ್ಲನ ಉಪಯುಕ್ತತಾವಾದಕ್ಕೆ ಲೋಕಸಂಗ್ರಹವೆಂದೂ ಹೆಸರಿಟ್ಟ ಮೇಲೆ ಭೇದವೆಂಬುದು ಉಳಿಯುವುದೇ ಇಲ್ಲ. ವಿದ್ಯಾರ್ಥಿಯು ಎರಡೂವರೆ ಸಾವಿರ ವರ್ಷಗಳ ವಾದಪರಂಪರೆಯನ್ನು ಓದಿದಂತೆ ಭಾವಿಸಿದರೂ ವಸ್ತುತಃ ತನಗೆ ತಿಳಿದಿದ್ದ ಮಾತುಗಳನ್ನೇ ಮತ್ತೊಮ್ಮೆ ಕೇಳಿರುತ್ತಾನೆ. ಪೂರ್ವಪಕ್ಷವನ್ನು ಪ್ರತಿವಾದಿಯು ತನ್ನದೆಂದು ಒಪ್ಪುವಂತೆ ನಿರೂಪಿಸಿದ ಹೊರತು ಸಿದ್ಧಾಂತಕ್ಕೆ ಕಾಲಿಡಕೂಡದೆಂಬುದು ಸಂಸ್ಕೃತಪಾಠಶಾಲೆಗಳ ಹಳೆಯ ಮರ್ಯಾದೆ. ಆ ಮರ್ಯಾದೆಯನ್ನು ಮೀರಿದವರಲ್ಲಿ ಸಂಸ್ಕೃತಾಭಿಮಾನಿಗಳೇ ಹೆಚ್ಚಾಗಿರುವುದು ಸೋಜಿಗದ ವಿಷಯ.

ಪದಗಳ ಈ ತೊಡಕನ್ನು ಪರೀಕ್ಷಿಸುವುದಕ್ಕೆ ಬಹು ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಮೈಸೂರು ಜಿಲ್ಲೆಯಲ್ಲಿದ್ದು, 1939ರಲ್ಲಿ ಮಂಡ್ಯ ಜಿಲ್ಲೆಯು ಏರ್ಪಟ್ಟಾಗ ಅದಕ್ಕೆ ಸೇರಿದುವು. ಗ್ರೀಕರ ನೀತಿವಿಚಾರವು ಕನ್ನಡಿಗರಿಗೆ ತಲಪಿದ ಎರಡು ಮುಖ್ಯ ದ್ವಾರಗಳು ಈ ಸೀಮೆಯ ಊರುಗಳ ಹೆಸರನ್ನೇ ಹೊತ್ತಿವೆ. ಬಿ. ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲಕ್ಷರವು ನಾಗಮಂಗಲ ತಾಲ್ಲೂಕಿನ ಬೆಳ್ಳೂರು, ಎ. ಎನ್. ಮೂರ್ತಿರಾಯರ ಹೆಸರಿನ ಮೊದಲಕ್ಷರವು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು. ಇಬ್ಬರೂ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರು. ತತ್ತ್ವಶಾಸ್ತ್ರವನ್ನು ವೃತ್ತಿಯಾಗಿ ಹಿಡಿದವರಲ್ಲ. ಹೀಗಿದ್ದರೂ ಪಠ್ಯಪುಸ್ತಕಗಳು ಅಳಿಸಿಹಾಕಿದ ಭೇದವು ಇವರ ಕೃತಿಗಳಲ್ಲಿ ಅಳಿಯದೆ ನಿಂತಿರುವುದು ವಿಚಾರಾರ್ಹವಾಗಿದೆ.

ಶ್ರೀಯವರು 1926ರಲ್ಲಿ ರನ್ನನ ಕಾವ್ಯದಿಂದ 'ಗದಾಯುದ್ಧನಾಟಕಂ' ಎಂಬುದನ್ನು ತೆಗೆದರು. 1929ರಲ್ಲಿ ಸಾಫೊಕ್ಲೀಸನ 'ಅಯಾಸ್' ನಾಟಕದ ಮಾದರಿಯಲ್ಲಿ 'ಅಶ್ವತ್ಥಾಮನ್' ಎಂಬುದನ್ನೂ, 1935ರಲ್ಲಿ ಈಸ್ಕಿಲಸನದನ್ನು ಅನುಸರಿಸಿ 'ಪಾರಸಿಕರು' ಎಂಬುದನ್ನೂ ರಚಿಸಿದರು. ಪ್ರಕೃತ ವಿಚಾರಕ್ಕೆ ಮುಖ್ಯವಾದುದು ಎರಡನೆಯದು. ಗ್ರೀಕ್ ಮೂಲದಲ್ಲಿ ಅಯಾಸನು ಅಕಿಲೀಸನ ಆಯುಧಗಳು ತನಗೆ ಸಲ್ಲದೆ ಒಡಿಸ್ಯೂಸನಿಗೆ ಸಂದುದರಿಂದ ಕೆರಳಿ, ಸೇನಾನಾಯಕರನ್ನು ರಾತ್ರಿಯಲ್ಲಿ ಕೊಲ್ಲಲು ಹೊರಡುತ್ತಾನೆ. ಅಥೀನಾ ದೇವಿಯು ಅವನ ಬುದ್ಧಿಯನ್ನು ಭ್ರಮೆಗೊಳಿಸುತ್ತಾಳೆ. ಅವನು ಕಡಿದದ್ದು ದನಕುರಿಗಳನ್ನು. ಭ್ರಮೆ ತಿಳಿದ ಮೇಲೆ ಬದುಕಲಾರದೆ ತನ್ನ ಕತ್ತಿಯ ಮೇಲೆಯೇ ಬಿದ್ದು ಸಾಯುತ್ತಾನೆ. ಶ್ರೀಯವರ ಅಶ್ವತ್ಥಾಮನೂ ಕೊನೆಯಲ್ಲಿ ಆತ್ಮಹತ್ಯೆಮಾಡಿಕೊಳ್ಳುತ್ತಾನೆ. ಇದರ ಮೇಲೆ ಬಂದ ಆಕ್ಷೇಪಣೆಯು ಪ್ರಸಿದ್ಧವಾಗಿದೆ: ಅಶ್ವತ್ಥಾಮನು ಚಿರಂಜೀವಿ, ಚಿರಂಜೀವಿಯನ್ನು ಸಾಯಿಸುವ ಅಧಿಕಾರವು ಕವಿಗೆ ಎಲ್ಲಿಂದ ಬಂತು?

ಈ ಆಕ್ಷೇಪಣೆಯು ಪುರಾಣದ ದೃಷ್ಟಿಯಿಂದ ಸರಿಯಾದದ್ದೇ. ಆದರೆ ಅದು ನಾಟಕದ ನೈತಿಕವಾದ ಗಂಟನ್ನು ಮುಟ್ಟುವುದಿಲ್ಲ. ವ್ಯಾಸಭಾರತದ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನಿಗೆ ಒದಗಿದ ಶಿಕ್ಷೆಯು ಮರಣವಲ್ಲ, ಮರಣವಿಲ್ಲದಿರುವಿಕೆ. ಮಣಿಯನ್ನು ಕಳೆದುಕೊಂಡು, ಯಾರ ಸಂಗವೂ ಇಲ್ಲದೆ, ಮೂರು ಸಾವಿರ ವರ್ಷ ಅಲೆಯಬೇಕೆಂಬುದು ಶಾಪ. ಕರ್ಮಕ್ಕೆ ಫಲವುಂಟು, ಫಲವನ್ನು ಅನುಭವಿಸಿಯೇ ತೀರಬೇಕು ಎಂಬುದು ಅಲ್ಲಿಯ ನಿಯಮ. ಗ್ರೀಕ್ ನಾಟಕದ ನಿಯಮವು ಬೇರೆ. ದೇವತೆಗಳ ಸಹಾಯದಿಂದ ಗೆಲ್ಲುವುದು ಅಲ್ಪರ ಕೆಲಸ, ಅವರ ಹಂಗಿಲ್ಲದೆಯೇ ಗೆಲ್ಲುವೆನು ಎಂದು ಅಯಾಸನು ಹಿಂದೊಮ್ಮೆ ಜಂಬವಾಡಿದ್ದನು. ಆ ಮಿತಿಮೀರಿಕೆಗೆ 'ಹೂಬ್ರಿಸ್' ಎಂದು ಹೆಸರು. ಅದನ್ನು 'ಪಾಪ'ವೆಂದು ಭಾಷಾಂತರಿಸಿದೊಡನೆ ಪ್ರಾಯಶ್ಚಿತ್ತ, ನರಕ, ಜನ್ಮಾಂತರ ಇವೆಲ್ಲ ಹಿಂಬಾಲಿಸಿ ಬರುತ್ತವೆ. ಅಯಾಸನನ್ನು ಸುಡುವುದು ನರಕದ ಭಯವಲ್ಲ, ನಾಚಿಕೆ. ಕೀರ್ತಿಗೊಂಡು ಹಿಂದಿರುಗಿದ ತಂದೆಯ ಮುಖವನ್ನು ಬರಿಗೈಯಲ್ಲಿ ನೋಡುವುದು ಹೇಗೆಂಬ ಸಂಕಟ. ಧರ್ಮಶಾಸ್ತ್ರಕಾರರಿಗೆ ದೋಷವಾದ ಆತ್ಮಹತ್ಯೆಯು ಈ ನೀತಿಯಲ್ಲಿ ಕಳೆದುಹೋದ ಯೋಗ್ಯತೆಯನ್ನು ಮರಳಿ ಪಡೆಯುವ ಮಾರ್ಗವಾಗಿದೆ. ಶ್ರೀಯವರು ಭಾರತದ ವೀರನೊಬ್ಬನನ್ನು ಈ ನಿಯಮಕ್ಕೆ ಒಳಪಡಿಸಿದುದರಿಂದಲೇ ಓದುಗರಿಗೆ ಇರುಸುಮುರುಸಾಯಿತು. ಆ ಇರುಸುಮುರುಸೇ ನಾಟಕದ ದೊಡ್ಡ ಲಾಭ. ಎರಡು ನೀತಿಗಳು ಒಂದೇ ಅಲ್ಲವೆಂಬುದಕ್ಕೆ ಅದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಹಾಗೆಂದು ಕನ್ನಡದಲ್ಲಿ ಈ ಬೀಜಕ್ಕೆ ಮಣ್ಣೇ ಇರಲಿಲ್ಲವೆನ್ನಲಾಗದು. ಅಯಾಸನ ಶವಕ್ಕೆ ಸಂಸ್ಕಾರವು ಕೂಡದೆಂದು ಸೇನಾನಾಯಕರು ತಡೆದಾಗ, ಅವನ ಕಡುವೈರಿಯಾದ ಒಡಿಸ್ಯೂಸನೇ ಅವನ ಯೋಗ್ಯತೆಯನ್ನು ಎತ್ತಿಹಿಡಿದು ಸಂಸ್ಕಾರ ಮಾಡಿಸುತ್ತಾನೆ. ರನ್ನನ ದುರ್ಯೋಧನನು ರಣರಂಗದಲ್ಲಿ ಶತ್ರುಪುತ್ರನಾದ ಅಭಿಮನ್ಯುವಿನ ಶವವನ್ನು ಕಂಡು ಅವನ ಸಾಹಸವನ್ನು ಮೆಚ್ಚುವ ಸಂದರ್ಭವು ಕನ್ನಡ ಅಧ್ಯಾಪಕರಿಗೆಲ್ಲ ಪರಿಚಿತವಾದುದು. ಪರಪಕ್ಷದವನಲ್ಲಿಯೂ ಇರಬಹುದಾದ, ಪಾಪಪುಣ್ಯಗಳ ಲೆಕ್ಕಕ್ಕೆ ಸಿಗದ ಆ ಯೋಗ್ಯತೆಯೇ ಹಳೆಯ ಗ್ರೀಕರ ಅರೆಟೆ. ಅದಕ್ಕೆ ಹಳಗನ್ನಡ ಶಾಸನಗಳ 'ಚಾಗ', 'ಬೀರ' ಎಂಬ ಮಾತುಗಳು ಹತ್ತಿರ; ಇಂದಿನ ನೀತಿಬೋಧೆಯ 'ಸದ್ಗುಣ'ವು ದೂರ. ಅರಿಸ್ಟಾಟಲನು ಕ್ರಿ. ಪೂ. 4ನೆಯ ಶತಮಾನದಲ್ಲಿ ಈ ಪದವನ್ನು ವೀರರಿಂದ ಕಿತ್ತು ಎಲ್ಲ ಮನುಷ್ಯರಿಗೂ ವಿಸ್ತರಿಸಿದನು. ಚೆನ್ನಾಗಿ ಕೊಯ್ಯುವುದು ಕತ್ತಿಯ ಅರೆಟೆ. ಹಾಗೆಯೇ ವಿವೇಕದಿಂದ ಬಾಳುವುದು ಮನುಷ್ಯನ ಅರೆಟೆ. ಅಂಥ ಬಾಳು ಒಂದು ಜೀವಮಾನಕ್ಕೆ ಪೂರ್ಣವಾಗಿ ಸಾಗಿದರೆ ಅದೇ ಯೂಡೈಮೋನಿಯ. ಇದು ಸುಖವೆಂಬ ವೇದನೆಯಲ್ಲ, ಮೋಕ್ಷದ ಆನಂದವೂ ಅಲ್ಲ. 'ಬಾಳು ಹಸನಾಗುವುದು' ಎಂಬ ಅಚ್ಚಗನ್ನಡವು ಈ ಎರಡು ಸಂಸ್ಕೃತಪದಗಳಿಗಿಂತಲೂ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಮೂರ್ತಿರಾಯರು (1900–2003) ಪ್ಲೇಟೋವಿನ ಸಂವಾದಗಳನ್ನು 'ಸಾಕ್ರಟೀಸನ ಕೊನೆಯ ದಿನಗಳು' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಕ್ರಿ. ಪೂ. 399ರಲ್ಲಿ ಆಥೆನ್ಸಿನ ನ್ಯಾಯಸಭೆಯು ಎಪ್ಪತ್ತು ವರ್ಷದ ಮುದುಕನೊಬ್ಬನಿಗೆ ವಿಷಪಾನವನ್ನು ವಿಧಿಸಿತು. ಗೆಳೆಯನಾದ ಕ್ರೀಟೊ ಸೆರೆಮನೆಗೆ ಬಂದು, ಓಡಿಹೋಗಲು ಎಲ್ಲವೂ ಸಿದ್ಧವಾಗಿದೆಯೆಂದಾಗ ಅವನು ಒಲ್ಲೆನೆಂದನು. ಈ ಪ್ರಸಂಗವನ್ನು ಸತ್ಯಹರಿಶ್ಚಂದ್ರನ ಕಥೆಯೊಡನೆ ಹೋಲಿಸುವುದು ಶಾಲೆಗಳಲ್ಲಿ ವಾಡಿಕೆ. ಹರಿಶ್ಚಂದ್ರನು ಕೊಟ್ಟ ಮಾತಿಗೆ ಕಟ್ಟುಬಿದ್ದವನು. ಮಾತು ಕೊಟ್ಟದ್ದು ಸರಿಯೆ ತಪ್ಪೆ ಎಂಬ ಪ್ರಶ್ನೆಯು ಅವನಿಗೆ ಏಳುವುದಿಲ್ಲ. ಸಾಕ್ರಟೀಸನಾದರೊ ಮರಣವು ಬಾಗಿಲಲ್ಲಿ ನಿಂತಿರುವಾಗಲೂ ವಿಚಾರವನ್ನು ಮೊದಲಿನಿಂದ ತೆಗೆಯುತ್ತಾನೆ. ಅನ್ಯಾಯಕ್ಕೆ ಪ್ರತಿಯಾಗಿಯಾದರೂ ಅನ್ಯಾಯ ಮಾಡಬಹುದೆ? ಕಾಯಿದೆಗಳೇ ಎದುರು ನಿಂತು ಪ್ರಶ್ನಿಸಿದರೆ ಏನೆಂದು ಉತ್ತರಕೊಡಬೇಕು? ವಿಚಾರದಲ್ಲಿ ಉತ್ತಮವೆಂದು ನಿಂತ ಮಾತನ್ನಲ್ಲದೆ ಬೇರೊಂದನ್ನು ಅವನು ಒಪ್ಪನು. ಪಾಶ್ಚಾತ್ಯ ನೀತಿಶಾಸ್ತ್ರವು ಇಲ್ಲಿಂದ ಮೊದಲಾಗುತ್ತದೆಯೆಂದು ಹೇಳುವುದು ಅವನು ಸತ್ತ ಬಗೆಗಾಗಿ ಅಲ್ಲ, ಸಾಯುವ ಮುನ್ನ ಕೇಳಿದ ಪ್ರಶ್ನೆಗಳಿಗಾಗಿ. ಹರಟೆಯ ಬರವಣಿಗೆಯಲ್ಲಿ ಪಳಗಿದ ಮೂರ್ತಿರಾಯರ ಗದ್ಯವು ಈ ಸಂವಾದಗಳಿಗೆ ಹೇಳಿಮಾಡಿಸಿದಂತಿದೆ. ಪಂಡಿತರ ಕೈಗೆ ಸಿಕ್ಕಿದ್ದರೆ ಸಾಕ್ರಟೀಸನು ಭಾಷ್ಯಕಾರನಾಗಿಬಿಡುತ್ತಿದ್ದನು. ಇಲ್ಲಿ ಅವನು ಪೇಟೆಯ ಬೀದಿಯಲ್ಲಿ ನಿಂತು ಮಾತನಾಡುವ ಮನುಷ್ಯನಾಗಿಯೇ ಉಳಿದಿದ್ದಾನೆ.

ಪ್ಲೇಟೋವಿನ 'ಯೂಥಿಫ್ರೊ' ಸಂವಾದದ ಒಂದು ಪ್ರಶ್ನೆಯು ಇಪ್ಪತ್ತನಾಲ್ಕು ಶತಮಾನಗಳಿಂದ ತೀರಿಲ್ಲ: ದೇವತೆಗಳು ಮೆಚ್ಚಿದ್ದರಿಂದ ಒಂದು ಕರ್ಮವು ಸಾಧುವೋ, ಅದು ಸಾಧುವಾದ್ದರಿಂದ ದೇವತೆಗಳು ಮೆಚ್ಚಿದರೋ? ಮೂರ್ತಿರಾಯರು ತೊಂಬತ್ತರ ವಯಸ್ಸನ್ನು ದಾಟಿ 1991ರಲ್ಲಿ ಪ್ರಕಟಿಸಿದ 'ದೇವರು' ಎಂಬ ಗ್ರಂಥವು ದೇವರ ಅಸ್ತಿತ್ವವನ್ನು ಒಪ್ಪುವುದಿಲ್ಲ. ದೇವರಿಲ್ಲದಿದ್ದರೆ ನೀತಿಗೆ ಆಧಾರವೇನು ಎಂದು ಅದನ್ನು ಓದಿ ಕಳವಳಗೊಂಡ ಆಸ್ತಿಕರು ಜೈಮಿನಿಯ ದರ್ಶನವನ್ನು ಮರೆತಂತೆ ಕಾಣುತ್ತದೆ. ಧರ್ಮಕ್ಕೆ ಈಶ್ವರನ ಆಜ್ಞೆ ಬೇಕೆಂದು ಪೂರ್ವಮೀಮಾಂಸಕರು ಎಂದೂ ಹೇಳಲಿಲ್ಲ. ಜಗತ್ಕರ್ತೃವಾದ ಈಶ್ವರನನ್ನು ಕುಮಾರಿಲಭಟ್ಟನೇ ಖಂಡಿಸಿದ್ದಾನೆ. ನಿರೀಶ್ವರವಾದ ಧರ್ಮವಿಚಾರವು ಈ ನಾಡಿಗೆ ಹೊಸದಲ್ಲ. ಹೊಸದು ಯಾವುದೆಂದರೆ, ಪುರುಷಬುದ್ಧಿಯ ವಿಚಾರವೇ ಧರ್ಮದಲ್ಲಿ ಪ್ರಮಾಣವೆಂಬ ಸಾಕ್ರಟೀಸನ ನಿಲುವು; ಮೀಮಾಂಸಕನಿಗೆ ಅಪೌರುಷೇಯವಾದ ವೇದವಿಧಿಯೊಂದೇ ಪ್ರಮಾಣ. ಒಪ್ಪಬೇಕಾದದ್ದನ್ನೂ ಒಪ್ಪಲಾಗದ್ದನ್ನೂ ಇಷ್ಟು ನಿಷ್ಕರ್ಷೆಯಾಗಿ ಗುರುತಿಸಿದರೆ ಹೋಲಿಕೆಯಿಂದ ಪ್ರಯೋಜನವುಂಟು.

ಸ್ಟೋಯಿಕರನ್ನೂ ಎಪಿಕ್ಯೂರಿಯನರನ್ನೂ ಇಲ್ಲಿ ಹೆಸರಿಸಿದರೆ ಸಾಕು. ಎಪಿಕ್ಯೂರಸನನ್ನು ಚಾರ್ವಾಕನ ತಮ್ಮನಂತೆ ಚಿತ್ರಿಸುವುದು ಮಾತ್ರ ನಿಲ್ಲತಕ್ಕದ್ದು. ಅವನ ಸುಖವು ನೋವಿಲ್ಲದ ದೇಹ, ಕಳವಳವಿಲ್ಲದ ಮನಸ್ಸು ಇಷ್ಟೇ.

ಮಧ್ಯಯುಗವೆಂದರೆ ಪರಿಚಯಗ್ರಂಥಗಳು ಸಾಮಾನ್ಯವಾಗಿ ಓಡುನಡಿಗೆಯಲ್ಲಿ ದಾಟಿಬಿಡುತ್ತವೆ. ಕನ್ನಡಿಗನಿಗೆ, ಅದರಲ್ಲಿಯೂ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯನ್ನು ಬಲ್ಲವನಿಗೆ, ಅತ್ಯಂತ ಸುಲಭವಾಗಿ ತಿಳಿಯಬೇಕಾದದ್ದು ಆ ಕಾಲವೇ. ಮನುಷ್ಯನು ತನ್ನ ಸ್ವತಂತ್ರವಾದ ಇಚ್ಛೆಯಿಂದಲೇ ನಿರ್ದೋಷಿಯಾಗಿ ಬಾಳಬಲ್ಲನೆಂದು ಪೆಲೇಜಿಯಸನೆಂಬ ಸಂನ್ಯಾಸಿಯು ಬೋಧಿಸಿದನು. ದೇವರ ಕೃಪೆಯು ಮುಂದಾಗಿ ಎತ್ತದಿದ್ದರೆ ಇಚ್ಛೆಯೇ ಒಳಿತಿನ ಕಡೆಗೆ ತಿರುಗಲಾರದೆಂದು ಆಗಸ್ಟೀನನು (354–430) ಪ್ರತಿವಾದಿಸಿದನು. 418ರಲ್ಲಿ ಕಾರ್ಥೇಜಿನ ಸಭೆಯು ಪೆಲೇಜಿಯಸನ ಮತವನ್ನು ನಿರಾಕರಿಸಿತು. ರಾಮಾನುಜರ ಸಂಪ್ರದಾಯದಲ್ಲಿ ತೆಂಗಲೆ ವಡಗಲೆಗಳ ಭೇದಕ್ಕೆ ಕಾರಣವಾದ ಪ್ರಶ್ನೆಗಳಲ್ಲಿ ಒಂದು ಇದೇ ಜಾತಿಯದು. ಬೆಕ್ಕು ಮರಿಯನ್ನು ತಾನೇ ಕಚ್ಚಿಕೊಂಡು ಹೋಗುವಂತೆ ಭಗವಂತನು ಜೀವವನ್ನು ಎತ್ತಿಕೊಳ್ಳುವನೆಂಬ ಮಾರ್ಜಾಲನ್ಯಾಯವು ಪಿಳ್ಳೈ ಲೋಕಾಚಾರ್ಯರ ಅನುಯಾಯಿಗಳದು. ಕೋತಿಯ ಮರಿಯು ತಾಯಿಯನ್ನು ತಾನೂ ಹಿಡಿದುಕೊಳ್ಳಬೇಕೆಂಬ ಮರ್ಕಟನ್ಯಾಯವು ವೇದಾಂತದೇಶಿಕರ ಅನುಯಾಯಿಗಳದು. ವಡಗಲೆಯವರು ಪೆಲೇಜಿಯಸನಷ್ಟು ದೂರ ಹೋಗುವುದಿಲ್ಲ. ಅವರು ಬೇಡುವುದು ಜೀವನ ಕಡೆಯಿಂದ ಒಂದು ವ್ಯಾಜಮಾತ್ರ. ಆಗಸ್ಟೀನನಲ್ಲಿ ಮನುಷ್ಯನ ಅಶಕ್ತಿಗೆ ಕಾರಣ ಆದಿಪುರುಷನಿಂದ ಬಂದ ದೋಷ. ಇಲ್ಲಿ ಅನಾದಿಯಾದ ಕರ್ಮ. ಆದಿಪುರುಷನ ದೋಷವಾದರೆ ಹುಟ್ಟಿದ ಶಿಶುವೂ ಅಪರಾಧಿ; ಅನಾದಿಕರ್ಮವಾದರೆ ಪ್ರತಿಯೊಬ್ಬನೂ ತನ್ನ ಸಾಲಕ್ಕೆ ತಾನೇ ಹೊಣೆ. ಥಾಮಸ್ ಅಕ್ವಿನಾಸನು (1225–1274) ಅರಿಸ್ಟಾಟಲನ ಗುಣಗಳಿಗೆ ಶ್ರದ್ಧೆ, ಭರವಸೆ, ಪ್ರೇಮಗಳನ್ನು ಕೂಡಿಸಿ ಈ ಜಗಳಕ್ಕೊಂದು ಸಮನ್ವಯವನ್ನು ಹುಡುಕಿದನು. ವೇದಾಂತದೇಶಿಕರ ಜನನವು 1268ರಲ್ಲಿ ಎಂಬ ಸಂಪ್ರದಾಯವನ್ನು ನೆನೆದರೆ ಇಬ್ಬರೂ ಒಂದೇ ಶತಮಾನದವರು.

ಆಧುನಿಕ ಯುಗದಲ್ಲಿ ಹಾಬ್ಸ್, ಹ್ಯೂಮ್ ಮೊದಲಾದವರನ್ನು ಬಿಟ್ಟು ನೇರವಾಗಿ ಎರಡು ಧ್ರುವಗಳಿಗೆ ಬರಬಹುದು. ಕ್ಯಾಂಟನ ನೀತಿತತ್ತ್ವದ ಮೂಲಗ್ರಂಥವು 1785ರಲ್ಲಿಯೂ, ಬೆಂಥಾಮನ ಗ್ರಂಥವು 1789ರಲ್ಲಿಯೂ ಪ್ರಕಟವಾದುವು. ಆ ವರ್ಷಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಆಳಿಕೆಯಿತ್ತು. ಬೆಂಥಾಮನಿಗೆ ಕರ್ಮದ ಸಾಧುತ್ವವು ಅದರ ಫಲದಲ್ಲಿದೆ: ಸುಖದುಃಖಗಳನ್ನು ಕೂಡಿ ಕಳೆಯಬೇಕು, ಒಬ್ಬೊಬ್ಬನೂ ಲೆಕ್ಕಕ್ಕೆ ಒಬ್ಬನೇ. ಮಿಲ್ಲನು ಸುಖಗಳಲ್ಲಿ ಉಚ್ಚನೀಚಗಳನ್ನು ಒಪ್ಪಿ ಆ ಲೆಕ್ಕವನ್ನು ತಿದ್ದಿದನು. ಕ್ಯಾಂಟನಿಗಾದರೊ ಫಲವು ಅಪ್ರಕೃತ. ತಾನು ಹಿಡಿದ ನಿಯಮವು ಎಲ್ಲರಿಗೂ ನಿಯಮವಾಗಲೆಂದು ವಿರೋಧವಿಲ್ಲದೆ ಬಯಸಬಹುದಾದರೆ ಆ ಕರ್ಮವು ಯೋಗ್ಯ. ಮನುಷ್ಯನನ್ನು ಎಂದೂ ಬರಿಯ ಉಪಕರಣವಾಗಿ ಬಳಸಕೂಡದು.

ಲೋಕಸಂಗ್ರಹ, ನಿಷ್ಕಾಮಕರ್ಮ ಎಂಬ ಎರಡು ಗೀತಾಪದಗಳು ಹೆಚ್ಚಿನ ಹಾನಿಮಾಡಿರುವುದು ಇಲ್ಲಿಯೇ. ಲೋಕಸಂಗ್ರಹವೆಂದರೆ ಜನರು ದಾರಿತಪ್ಪದಂತೆ ಶ್ರೇಷ್ಠನು ತನ್ನ ನಡತೆಯಿಂದ ಹಿಡಿದು ನಿಲ್ಲಿಸುವುದು. ಅದರಲ್ಲಿ ಸುಖದ ಗಣಿತವಿಲ್ಲ. ನಿಷ್ಕಾಮಕರ್ಮದಲ್ಲಿ ಮಾಡಬೇಕಾದುದು ಯಾವುದೆಂಬುದು ಸ್ವಧರ್ಮದಿಂದ ಮೊದಲೇ ಗೊತ್ತಾಗಿರುತ್ತದೆ, ಬಿಡಬೇಕಾದದ್ದು ಫಲಾಸಕ್ತಿ. ಶಂಕರಭಗವತ್ಪಾದರ ಮತದಲ್ಲಿ ಅದಕ್ಕೂ ಚಿತ್ತಶುದ್ಧಿಯೆಂಬ ಪ್ರಯೋಜನವುಂಟು. ಕ್ಯಾಂಟನ ಪ್ರಶ್ನೆಯು ಮಾಡಬೇಕಾದುದು ಯಾವುದೆಂಬುದೇ. ಕ್ಯಾಂಟ್ ಬೆಂಥಾಮರ ವಿವಾದವನ್ನು ಶಾಸ್ತ್ರದ ಭಾಷೆಯಲ್ಲಿ ಹೇಳಬೇಕಾದರೆ ಗೀತೆಗಿಂತ ಮೀಮಾಂಸೆಯಲ್ಲಿ ಯೋಗ್ಯವಾದ ಸಾಮಗ್ರಿಯಿದೆ. ಯಜ್ಞಮಾಡಬೇಕೆಂದು ವೇದವು ಹೇಳಿದಾಗ ಆ 'ಬೇಕು' ಎಂಬುದರ ಅರ್ಥವೇನು? ಇದು ನಿನಗೆ ಇಷ್ಟವಾದುದಕ್ಕೆ ಸಾಧನವೆಂಬುದೇ ಅದರ ಅರ್ಥವೆಂದು ಮಂಡನಮಿಶ್ರನು 'ವಿಧಿವಿವೇಕ'ದಲ್ಲಿ ಸಾಧಿಸಿದನು. ಹಾಗಲ್ಲ; ವಿಧಿಯು ತಿಳಿಸುವುದು ಕಾರ್ಯವನ್ನೇ, ಫಲವು ಯಾರು ಅಧಿಕಾರಿಯೆಂಬುದನ್ನು ಗುರುತಿಸುವ ವಿಶೇಷಣಮಾತ್ರ ಎಂಬುದು ಪ್ರಾಭಾಕರರ ಪಕ್ಷ. ನಿತ್ಯಕರ್ಮಕ್ಕೆ ಅವರು ಫಲವನ್ನೇ ಒಪ್ಪುವುದಿಲ್ಲ. ಮಾಡಬೇಕು, ಆದ್ದರಿಂದ ಮಾಡಬೇಕು. 'ಬೇಕು' ಎಂಬುದು ಪ್ರಯೋಜನಕ್ಕೆ ಅಧೀನವೋ ಸ್ವತಂತ್ರವೋ ಎಂಬ ಪ್ರಶ್ನೆಯಲ್ಲಿ ಪ್ರಾಭಾಕರರೂ ಕ್ಯಾಂಟನೂ ಒಂದು ದಡದಲ್ಲಿ ನಿಲ್ಲುತ್ತಾರೆ. ಆದರೆ ನಿಯೋಗವು ಹೊರಡುವುದು ವೇದದಿಂದ. ಕ್ಯಾಂಟನ ಆಜ್ಞೆಯನ್ನು ಕೊಡುವವನೂ ಪಾಲಿಸುವವನೂ ಮನುಷ್ಯನ ವಿವೇಕವೇ. ಪ್ರಾಭಾಕರರನ್ನು ಕ್ಯಾಂಟನೆಂದು ಕರೆಯುವುದಕ್ಕಿಂತ, ಅವರು ಎಲ್ಲಿ ಬೇರೆಯಾಗುವರೆಂದು ಹೇಳಬಲ್ಲ ಅಧ್ಯಾಪಕನೇ ಕ್ಯಾಂಟನನ್ನು ಬೋಧಿಸಿದಂತಾಯಿತು.

ಈ ವಿವಾದವು ಗ್ರಂಥಸ್ಥವಾಗಿಯೇ ಉಳಿಯುವಂಥದಲ್ಲ. 1911ರಲ್ಲಿ ಕೆಲಸ ಮೊದಲಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಕೃಷ್ಣರಾಜಸಾಗರದ ಕಟ್ಟೆಯು ಇದೇ ಸೀಮೆಯದು. ಅದರ ಗರಿಷ್ಠ ಮಟ್ಟ 124.80 ಅಡಿ, ನೀರಿನ ಪ್ರಮಾಣ ಸುಮಾರು 49 ಟಿ. ಎಂ. ಸಿ. ಅಡಿ. ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಮಂಡ್ಯದ ಬೆದ್ದಲು ಭೂಮಿಗಳಲ್ಲಿ ಬತ್ತ ಕಬ್ಬುಗಳು ಬೆಳೆದುವು. 1933ರಲ್ಲಿ ಮಂಡ್ಯದ ಸಕ್ಕರೆಯ ಕಂಪನಿಯು ಸ್ಥಾಪಿತವಾಯಿತು. ಕನ್ನಂಬಾಡಿ ಮುಳುಗಿತು. ಅಲ್ಲಿಯ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ಗುಡಿಯು ನೀರು ಇಳಿದ ವರ್ಷಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿದ್ದು, 21ನೆಯ ಶತಮಾನದಲ್ಲಿ ಅದನ್ನು ಕಳಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಲಾಯಿತು. ಬೆಂಥಾಮನ ಲೆಕ್ಕದಲ್ಲಿ ಈ ಕಟ್ಟೆಯು ನಿಸ್ಸಂದೇಹವಾಗಿ ಸಾಧುಕರ್ಮ. ಕ್ಯಾಂಟನ ದೃಷ್ಟಿಯಲ್ಲಿ ಮೊದಲು ಉತ್ತರ ಹೇಳಬೇಕಾದ ಪ್ರಶ್ನೆಯು ಬೇರೆ: ಊರನ್ನು ಬಿಟ್ಟವರು ಪರರ ಸುಖಕ್ಕೆ ಬರಿಯ ಉಪಕರಣವಾದರೆ, ಅಥವಾ ಅವರೂ ಸಮ್ಮತಿಸಬಹುದಾದ ನಿಯಮವೊಂದರಂತೆ ಕಾರ್ಯವು ನಡೆಯಿತೆ? ಪರಿಹಾರದ ಮೊತ್ತವು ಈ ಎರಡನೆಯ ಪ್ರಶ್ನೆಗೆ ಉತ್ತರವಾಗುವುದಿಲ್ಲ. 1971ರಲ್ಲಿ ಜಾನ್ ರಾಲ್ಸನು ನ್ಯಾಯವನ್ನು ಕುರಿತು ಬರೆದ ಗ್ರಂಥವು ಈ ಪ್ರಶ್ನೆಯನ್ನೇ ಹಿಡಿದು, ತಾನು ನಾಲೆಯ ಕೆಳಗಿನವನೋ ಮುಳುಗುವ ಊರಿನವನೋ ಎಂಬುದನ್ನರಿಯದವನು ಯಾವ ನಿಯಮವನ್ನು ಆರಿಸುವನೆಂದು ಕೇಳಿದಂತಿದೆ. ಕನ್ನಂಬಾಡಿಯನ್ನು ಬಲ್ಲ ವಿದ್ಯಾರ್ಥಿಗೆ ಈ ಮೂವರನ್ನು ಬೇರ್ಪಡಿಸಿ ತೋರಿಸುವುದಕ್ಕೆ ಇಂಗ್ಲೆಂಡಿನ ಉದಾಹರಣೆಗಳು ಬೇಕಿಲ್ಲ.

ಕಡೆಯದಾಗಿ 'ಧರ್ಮ'ವೆಂಬ ಪದ. ಚಿಕ್ಕದೇವರಾಜ ಒಡೆಯರು (1673–1704) ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದಾಗ ಅವರ ಅರಮನೆಯ ಆಶ್ರಯದಲ್ಲಿದ್ದ ಸಂಚಿಯ ಹೊನ್ನಮ್ಮನು ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ'ವನ್ನು ರಚಿಸಿದಳು. ಇಲ್ಲಿಯ ಧರ್ಮವು ಸದ್ಗುಣವಲ್ಲ, ಸುಖವಲ್ಲ, ಕ್ಯಾಂಟನ ಸಾರ್ವತ್ರಿಕ ನಿಯಮವೂ ಅಲ್ಲ. ಪತ್ನಿಯೆಂಬ ಸ್ಥಾನದಲ್ಲಿರುವವಳಿಗೆ ಸಂದ ಕರ್ತವ್ಯಗಳ ಸಮುದಾಯ. ಇಂಗ್ಲೆಂಡಿನ ಬ್ರಾಡ್ಲಿಯು 1876ರ ತನ್ನ ಗ್ರಂಥದಲ್ಲಿ ನೀತಿಯೆಂದರೆ ಮೊದಲಿಗೆ ಸ್ವಸ್ಥಾನವೂ ಅದರ ಕರ್ತವ್ಯಗಳೂ ಎಂದು ವಾದಿಸಿ, ಅದೇ ಗ್ರಂಥದಲ್ಲಿ ಅದು ಸಾಲದೆಂದೂ ಒಪ್ಪಿಕೊಂಡನು. ಏಕೆಂದರೆ ಸ್ಥಾನವೇ ನ್ಯಾಯವಾದುದೆ ಎಂಬ ಪ್ರಶ್ನೆಗೆ ಸ್ಥಾನದೊಳಗಿನಿಂದ ಉತ್ತರವು ಹುಟ್ಟದು. ಹೊನ್ನಮ್ಮನಲ್ಲಿಯೂ ಇಂಥದೊಂದು ಕ್ಷಣವಿದೆ. ಸತಿಯು ಪತಿಗೆ ಹೇಗೆ ನಡೆದುಕೊಳ್ಳಬೇಕೆಂದು ವಿಧಿಸುತ್ತಿರುವ ಕವಿಯೇ, ಹೆಣ್ಣು ಹುಟ್ಟಿತೆಂದು ಕೀಳಾಗಿ ಕಾಣುವವರನ್ನು ತಡೆದು, ಅವರನ್ನು ಹೆತ್ತವಳೂ ಹೆಣ್ಣಲ್ಲವೆ ಎಂದು ಕೇಳುತ್ತಾಳೆ. ಆ ಪ್ರಶ್ನೆಯನ್ನು ಹದಿಬದೆಯ ಯಾವ ಕರ್ತವ್ಯವೂ ಅವಳಿಗೆ ಕಲಿಸಿದುದಲ್ಲ. ಗ್ರಂಥದ ಹೆಸರಿನಲ್ಲಿರುವ ಧರ್ಮವೆಂಬ ಪದದ ಅರ್ಥವು ಅಷ್ಟು ಹೊತ್ತು ಅಗಲವಾಗುತ್ತದೆ. ವ್ಯಾಖ್ಯಾನಕಾರರು ಅದನ್ನು ಪಾತಿವ್ರತ್ಯವೆಂಬ ಒಂದೇ ಅರ್ಥಕ್ಕೆ ಮತ್ತೆ ಮಡಿಸಿಟ್ಟಿರುತ್ತಾರೆ.